ಲಸಿಕೆ ಹಾಕಿಸಿಕೊಂಡ ಮೇಲೆ ಭುಜ ಹಿಡಿದುಕೊಂಡಿದೆಯೇ? ಅಮೆರಿಕದಲ್ಲಿ ಪರಿಹಾರ ಕೇಳುವುದು ಹೀಗೆ

ಫ್ಲೂ ಶಾಟ್ ಹಾಕಿಸಿಕೊಂಡ ಮೇಲೆ ಒಂದೆರಡು ದಿನ ರಟ್ಟೆ ನೋಯುವುದು ಮಾಮೂಲು. ಮೂರನೇ ದಿನಕ್ಕೆ ಅದು ಮರೆತೂ ಹೋಗುತ್ತದೆ. ಕೆಲವರಿಗೆ ಮಾತ್ರ ಹಾಗಾಗುವುದಿಲ್ಲ. ವಾರ ಕಳೆದರೂ ಕೈ ತಲೆಯ ಮೇಲಕ್ಕೆ ಹೋಗುವುದಿಲ್ಲ. ಕಾರಿನ ಸೀಟ್ ಬೆಲ್ಟ್ ಎಳೆದುಕೊಳ್ಳಲು ಇನ್ನೊಂದು ಕೈ ಬೇಕಾಗುತ್ತದೆ. ಶರ್ಟಿನ ತೋಳಿಗೆ ಕೈ ತೂರಿಸುವಾಗ ಜೀವ ಹೋದಂತಾಗುತ್ತದೆ. ಆ ಮಗ್ಗುಲಿಗೆ ಹೊರಳಿದರೆ ನಿದ್ದೆ ಹಾರಿಹೋಗುತ್ತದೆ.

ನಮ್ಮವರಲ್ಲಿ ತುಂಬಾ ಜನ ಇದನ್ನು ನುಂಗಿಕೊಂಡು ಸುಮ್ಮನಿರುತ್ತಾರೆ. 'ಒಂದು ಸೂಜಿ ಚುಚ್ಚಿದ್ದಕ್ಕೆ ಕೋರ್ಟು ಕಚೇರಿ ಯಾಕೆ' ಅನ್ನುತ್ತಾರೆ. ವೀಸಾದ ಮೇಲೆ ಇರುವವರಿಗೆ ಇನ್ನೊಂದು ಅಳುಕು, ಕೇಸು ಅಂದರೆ ಏನಾದರೂ ತೊಂದರೆ ಆದೀತು ಅಂತ. ಆದರೆ ಅಮೆರಿಕದಲ್ಲಿ ಇಂಥ ಗಾಯಕ್ಕೆಂದೇ ಒಂದು ಪ್ರತ್ಯೇಕ ವ್ಯವಸ್ಥೆ ಇದೆ. ಅಲ್ಲಿ ನರ್ಸ್ ಜೊತೆ ಜಗಳ ಆಡಬೇಕಿಲ್ಲ, ವಕೀಲರಿಗೆ ಕೈಯಿಂದ ಫೀಸು ಕೊಡಬೇಕಿಲ್ಲ. ಅದನ್ನು ಬಳಸಿಕೊಳ್ಳುವ ಬಗೆ ಇಲ್ಲಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೇಸುಗಳು ನಿಲ್ಲುವುದೂ ಬೀಳುವುದೂ ಮೊದಲ ಕೆಲವು ವಾರಗಳಲ್ಲಿ ಡಾಕ್ಟರ ಫೈಲಿನಲ್ಲಿ ಏನು ದಾಖಲಾಯಿತು ಅನ್ನುವುದರ ಮೇಲೆ. ಎರಡು ವರ್ಷದ ಮೇಲೆ ಎಂಥ ಒಳ್ಳೆಯ ವಕೀಲರು ಸಿಕ್ಕರೂ ಆ ಫೈಲನ್ನು ಬದಲಿಸಲು ಆಗುವುದಿಲ್ಲ.

ಭುಜದ ಒಳಗೆ ಆಗಿದ್ದೇನು

ತೋಳಿನ ಮೇಲ್ಭಾಗದಲ್ಲಿ ಡೆಲ್ಟಾಯ್ಡ್ ಅನ್ನುವ ದಪ್ಪ ಸ್ನಾಯು ಇದೆ. ಇಂಜೆಕ್ಷನ್ ಹೋಗಬೇಕಾದದ್ದು ಅದರ ನಡುಭಾಗಕ್ಕೆ. ಭುಜದ ತುದಿಯ ಮೂಳೆಯಿಂದ ಎರಡು ಮೂರು ಬೆರಳು ಕೆಳಗೆ ಚುಚ್ಚಬೇಕು. ಅದಕ್ಕಿಂತ ಮೇಲೆ ಚುಚ್ಚಿದರೆ ಸೂಜಿ ಸ್ನಾಯುವನ್ನು ದಾಟಿ, ಕೀಲಿನ ಮೇಲಿರುವ ಬರ್ಸಾ ಅನ್ನುವ ಪುಟ್ಟ ಚೀಲಕ್ಕೋ ಅದರ ಸುತ್ತಲಿನ ಭಾಗಕ್ಕೋ ತಗಲಬಹುದು. ಸ್ನಾಯುವಿಗೆ ಇಳಿಯಬೇಕಿದ್ದ ಲಸಿಕೆ ಅಲ್ಲಿ ಇಳಿದರೆ ಜೋರಾಗಿ ಊತ, ಉರಿ ಶುರುವಾಗುತ್ತದೆ. ಬರ್ಸೈಟಿಸ್, ಟೆಂಡನೈಟಿಸ್, ಫ್ರೋಜನ್ ಶೋಲ್ಡರ್ ಅಂತೆಲ್ಲ ಡಾಕ್ಟರು ಬರೆಯುವುದು ಇದನ್ನೇ. ಕಾನೂನಿನ ಭಾಷೆಯಲ್ಲಿ ಇದಕ್ಕೆ ಸಿರ್ವಾ ಅಂತ ಹೆಸರು.

ಇದು ಯಾರದೋ ಕಲ್ಪನೆಯಲ್ಲ. ಪರಿಹಾರ ಕೇಳಿ ಬಂದಿದ್ದ 13 ಜನರ ದಾಖಲೆಗಳನ್ನು ನೋಡಿದ ವೈದ್ಯರು 2010ರಲ್ಲೇ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಮರುವರ್ಷ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೂಡ, ಇಂಜೆಕ್ಷನ್ ಚುಚ್ಚುವುದರಿಂದ ಭುಜದ ಬರ್ಸೈಟಿಸ್ ಆಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇದೆ ಎಂದಿತು. ತಪ್ಪು ಲಸಿಕೆಯದಲ್ಲ, ಸೂಜಿ ಹೋದ ಜಾಗದ್ದು. ಹಾಗಾಗಿ ಒಂದು ಭುಜ ಹಿಡಿದುಕೊಂಡಿತು ಅಂತ ಮುಂದಿನ ವರ್ಷದ ಲಸಿಕೆ ಬಿಡಬೇಡಿ. ಯಾವ ತೋಳಿಗೆ, ಎಲ್ಲಿ ಚುಚ್ಚುತ್ತಾರೆ ಅಂತ ನೋಡಿಕೊಳ್ಳಿ. ಶರ್ಟಿನ ಕಾಲರ್ ಕೆಳಕ್ಕೆ ಎಳೆದು ಭುಜದ ತುದಿಗೆ ಚುಚ್ಚಲು ಬಂದರೆ ತಡೆಯಿರಿ. ತೋಳು ಪೂರ್ತಿ ಕಾಣುವ ಹಾಗೆ ಬಟ್ಟೆ ಸರಿಸಿ ಕೂತುಕೊಳ್ಳಿ.

ಕೇಸು ಯಾರ ಮೇಲೆ?

1986ರಲ್ಲಿ ಅಮೆರಿಕದ ಸಂಸತ್ತು ಲಸಿಕೆಯ ಗಾಯಗಳಿಗೆಂದು ಒಂದು ಕಾನೂನು ಮಾಡಿತು. ಅದರಂತೆ 1988ರ ಅಕ್ಟೋಬರ್ 1ರಿಂದ ನ್ಯಾಷನಲ್ ವ್ಯಾಕ್ಸಿನ್ ಇಂಜುರಿ ಕಾಂಪೆನ್ಸೇಷನ್ ಪ್ರೋಗ್ರಾಂ, ಅಂದರೆ ವಿಐಸಿಪಿ, ಕೆಲಸ ಶುರು ಮಾಡಿತು. ಪಟ್ಟಿಯಲ್ಲಿರುವ ಲಸಿಕೆಗಳ ಪ್ರತಿ ಡೋಸ್‌ಗೂ, ಅದು ತಡೆಯುವ ಒಂದೊಂದು ಕಾಯಿಲೆಗೆ 75 ಸೆಂಟ್‌ನಂತೆ ತೆರಿಗೆ ಕೂಡಿಸುತ್ತಾರೆ. ಆ ದುಡ್ಡು ಒಂದು ನಿಧಿಗೆ ಹೋಗುತ್ತದೆ. ಪರಿಹಾರ ಬರುವುದು ಆ ನಿಧಿಯಿಂದ.

ಅರ್ಜಿ ಹೋಗುವುದು ಯುಎಸ್ ಕೋರ್ಟ್ ಆಫ್ ಫೆಡರಲ್ ಕ್ಲೈಮ್ಸ್ ಅನ್ನುವ ಕೋರ್ಟಿಗೆ. ಅದರಲ್ಲಿ ಎದುರುಪಕ್ಷ ಅಂತ ಇರುವುದು ಅಮೆರಿಕದ ಆರೋಗ್ಯ ಇಲಾಖೆಯ ಕಾರ್ಯದರ್ಶಿ. ಅವರ ಪರವಾಗಿ ನ್ಯಾಯ ಇಲಾಖೆಯ ವಕೀಲರು ಬರುತ್ತಾರೆ. ನಿಮಗೆ ಸೂಜಿ ಚುಚ್ಚಿದ ಫಾರ್ಮಸಿಸ್ಟ್ ಒಂದು ಡಾಲರೂ ಕೊಡಬೇಕಿಲ್ಲ, ಅವರ ಲೈಸೆನ್ಸಿಗೆ ಕೈ ಹಾಕುವ ಪ್ರಶ್ನೆಯೂ ಇಲ್ಲಿ ಬರುವುದಿಲ್ಲ. ಅವರು ನಿರ್ಲಕ್ಷ್ಯ ಮಾಡಿದರು ಅಂತ ನೀವು ಸಾಬೀತು ಮಾಡಬೇಕಾಗಿಯೂ ಇಲ್ಲ. 'ಪಾಪ, ಆ ಹುಡುಗಿ ಒಳ್ಳೆಯವಳು, ಅವಳ ಮೇಲೆ ಯಾಕೆ ದೂರು' ಅಂತ ಹಿಂಜರಿಯುವವರು ಇದನ್ನು ತಿಳಿದುಕೊಂಡರೆ ಅರ್ಧ ಭಾರ ಇಳಿಯುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, ಇಲ್ಲಿಗೆ ಬರದೆ ನೇರವಾಗಿ ಫಾರ್ಮಸಿಯ ಮೇಲೋ ಕಂಪನಿಯ ಮೇಲೋ 1,000 ಡಾಲರಿಗಿಂತ ಜಾಸ್ತಿ ಕೇಳಿ ಮಾಮೂಲಿ ಕೋರ್ಟಿನಲ್ಲಿ ದಾವೆ ಹೂಡಲು ಕಾನೂನು ಬಿಡುವುದೂ ಇಲ್ಲ. ಮೊದಲು ಈ ಬಾಗಿಲನ್ನೇ ತಟ್ಟಬೇಕು.

ಹೆಜ್ಜೆ 1: ನಿಮ್ಮ ಕೇಸು ಇಲ್ಲಿಗೆ ಸಲ್ಲುತ್ತದೆಯೇ ನೋಡಿ

ಮೊದಲು ಲಸಿಕೆಯ ಹೆಸರು. ಪ್ರತಿವರ್ಷದ ಫ್ಲೂ, ಟೆಟನಸ್ ಇರುವ ಟಿಡ್ಯಾಪ್‌ನಂಥವು, ಹೆಪಟೈಟಿಸ್ ಎ ಮತ್ತು ಬಿ, ಎಚ್‌ಪಿವಿ, ಮೆನಿಂಜೈಟಿಸ್ ಲಸಿಕೆ, ನ್ಯೂಮೋಕಾಕಲ್ ಕಾಂಜುಗೇಟ್, ಇವೆಲ್ಲ ಪಟ್ಟಿಯಲ್ಲಿವೆ. ಸರ್ಪಸುತ್ತಿಗೆ ಕೊಡುವ ಶಿಂಗ್ರಿಕ್ಸ್ ಪಟ್ಟಿಯಲ್ಲಿಲ್ಲ. ನ್ಯೂಮೋನಿಯಾಗೆ ಕೊಡುವುದರಲ್ಲೂ ನ್ಯೂಮೋವ್ಯಾಕ್ಸ್ 23 ಅನ್ನುವ ಹಳೆಯ ಬಗೆ ಪಟ್ಟಿಗೆ ಸೇರಿಲ್ಲ. ಹಾಗಾಗಿ 'ನ್ಯೂಮೋನಿಯಾ ಶಾಟ್' ಅಂದರೆ ಸಾಲದು, ಯಾವುದು ಅಂತ ನೋಡಬೇಕು. ಪಟ್ಟಿಯಲ್ಲಿಲ್ಲದ ಲಸಿಕೆಯಾದರೆ ಮಾಮೂಲಿ ಕೋರ್ಟಿನ ದಾರಿಯೇ ಗತಿ, ಅಲ್ಲಿ ನಿರ್ಲಕ್ಷ್ಯವನ್ನು ತೋರಿಸಬೇಕಾಗುತ್ತದೆ. ಅದರ ಗಡುವು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ, ಎಷ್ಟೋ ಕಡೆ ಮೂರು ವರ್ಷಕ್ಕಿಂತ ಕಡಿಮೆ. ಆ ರಾಜ್ಯದ ವಕೀಲರನ್ನು ಬೇಗ ಕಾಣಿ.

ಕೋವಿಡ್ ಲಸಿಕೆಯ ದಾರಿ ಬೇರೆ. ಅದಕ್ಕೆ ಸಿಐಸಿಪಿ ಅನ್ನುವ ಇನ್ನೊಂದು ಕಾರ್ಯಕ್ರಮ ಇದೆ. ಲಸಿಕೆ ಹಾಕಿಸಿಕೊಂಡ ಒಂದು ವರ್ಷದೊಳಗೆ ಅಲ್ಲಿ ಅರ್ಜಿ ಹಾಕಬೇಕು. ಅಲ್ಲಿ ನೋವು, ಸಂಕಟಕ್ಕೆ ಅಂತ ದುಡ್ಡಿಲ್ಲ, ವಕೀಲರ ಫೀಸನ್ನೂ ಕೊಡುವುದಿಲ್ಲ, ಕೋರ್ಟಿನ ವಿಚಾರಣೆಯೂ ಇಲ್ಲ. ಫ್ಲೂ ಮತ್ತು ಕೋವಿಡ್ ಎರಡನ್ನೂ ಒಂದೇ ದಿನ, ಒಂದೇ ತೋಳಿಗೆ ಹಾಕಿಸಿಕೊಂಡಿದ್ದರೆ ಯಾವುದರಿಂದ ಗಾಯವಾಯಿತು ಅನ್ನುವ ಪ್ರಶ್ನೆ ಎದ್ದೇ ಏಳುತ್ತದೆ. ಎರಡು ಲಸಿಕೆ ಒಟ್ಟಿಗೆ ಹಾಕಿಸಿಕೊಳ್ಳುವಾಗ ಒಂದೊಂದು ತೋಳಿಗೆ ಒಂದೊಂದು ಅಂತ ಕೇಳಿಕೊಳ್ಳುವುದು ಒಳ್ಳೆಯದು. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಅಂತ ಅಲ್ಲೇ ಬರೆಸಿಕೊಳ್ಳಿ.

ಆಮೇಲೆ ಜಾಗ. ಲಸಿಕೆಯನ್ನು ಅಮೆರಿಕದಲ್ಲಿ ಹಾಕಿಸಿಕೊಂಡಿದ್ದರೆ ಸಾಕು. ಸಿಟಿಜನ್ ಆಗಿರಬೇಕು, ಗ್ರೀನ್ ಕಾರ್ಡ್ ಇರಬೇಕು ಅಂತ ಕಾನೂನು ಕೇಳುವುದಿಲ್ಲ. ವಯಸ್ಸಿನ ಮಿತಿಯೂ ಇಲ್ಲ. ಮಕ್ಕಳನ್ನು ನೋಡಲು ಬಂದು ಇಲ್ಲಿನ ಫಾರ್ಮಸಿಯಲ್ಲಿ ಫ್ಲೂ ಶಾಟ್ ಹಾಕಿಸಿಕೊಂಡ ತಂದೆ ತಾಯಿಯೂ ಅರ್ಜಿ ಹಾಕಬಹುದು. ಇದು ತುಂಬಾ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಇನ್ನು ಎರಡು ಗಡಿಯಾರಗಳಿವೆ. ಒಂದು, ಗಾಯದ ಪರಿಣಾಮ ಲಸಿಕೆ ಹಾಕಿಸಿಕೊಂಡ ದಿನದಿಂದ ಆರು ತಿಂಗಳಿಗಿಂತ ಹೆಚ್ಚು ಕಾಲ ಇರಬೇಕು. ಇಲ್ಲವೇ ಅದಕ್ಕಾಗಿ ಆಸ್ಪತ್ರೆಗೆ ದಾಖಲಾಗಿ ಆಪರೇಷನ್ ಆಗಿರಬೇಕು. ಎರಡು, ಮೊದಲ ಲಕ್ಷಣ ಕಂಡ ದಿನದಿಂದ ಮೂರು ವರ್ಷದೊಳಗೆ ಅರ್ಜಿ ಕೋರ್ಟಿಗೆ ಸೇರಬೇಕು. ಡಾಕ್ಟರು ಕಾಯಿಲೆಯ ಹೆಸರು ಹೇಳಿದ ದಿನದಿಂದ ಎಣಿಸಬೇಡಿ. ನೋವು ಶುರುವಾದ ದಿನದಿಂದ ಎಣಿಸಿ. 2024ರ ಅಕ್ಟೋಬರ್ 5ರಂದು ಲಸಿಕೆ ಹಾಕಿಸಿಕೊಂಡು ಅದೇ ರಾತ್ರಿ ನೋವು ಶುರುವಾಯಿತು ಅನ್ನಿ. 2025ರ ಏಪ್ರಿಲ್ 5 ದಾಟಿದರೂ ಭುಜ ಸರಿಯಾಗಿರಬಾರದು. ಅರ್ಜಿ 2027ರ ಅಕ್ಟೋಬರ್ 5ಕ್ಕೆ ಮುಂಚೆ ಕೋರ್ಟಿನಲ್ಲಿರಬೇಕು. ಆ ದಿನ ಪೋಸ್ಟ್ ಮಾಡಿದರೆ ಆಗುವುದಿಲ್ಲ, ಕೋರ್ಟಿಗೆ ತಲುಪಿರಬೇಕು. ಕೊನೆ ವಾರದವರೆಗೆ ಎಳೆಯುವ ಕೆಲಸ ಇದಲ್ಲ. ದಾಖಲೆ ಕೂಡಿಸುವುದಕ್ಕೇ ತಿಂಗಳುಗಟ್ಟಲೆ ಬೇಕು.

ಹೆಜ್ಜೆ 2: ಡಾಕ್ಟರ ಹತ್ತಿರ ಹೋಗಿ, ದಿನಾಂಕ ಬರೆಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಸಿರ್ವಾವನ್ನು 2017ರ ಮಾರ್ಚ್ 21ರಿಂದ ವ್ಯಾಕ್ಸಿನ್ ಇಂಜುರಿ ಟೇಬಲ್ ಅನ್ನುವ ಅಧಿಕೃತ ಪಟ್ಟಿಗೆ ಸೇರಿಸಿದ್ದಾರೆ. 2021ರ ಜನವರಿಯಲ್ಲಿ ಅದನ್ನು ತೆಗೆಯುವ ನಿಯಮ ಬಂದಿತ್ತು, ಅದು ಜಾರಿಯಾಗುವ ಮೊದಲೇ ಅದೇ ಏಪ್ರಿಲ್‌ನಲ್ಲಿ ವಾಪಸ್ ತೆಗೆದುಕೊಂಡರು. ಟೇಬಲ್‌ನಲ್ಲಿರುವುದರ ಲಾಭ ಏನು ಅಂದರೆ, ಅಲ್ಲಿನ ಶರತ್ತುಗಳು ನಿಮಗೆ ಹೊಂದಿದರೆ ಲಸಿಕೆಯೇ ಕಾರಣ ಅಂತ ಕೋರ್ಟು ತಾನಾಗಿ ಒಪ್ಪಿಕೊಂಡು ಮುಂದೆ ಹೋಗುತ್ತದೆ. ಬೇರೆ ಕಾರಣ ಇದೆ ಅಂತ ತೋರಿಸುವ ಹೊಣೆ ಸರ್ಕಾರದ್ದು.

ಶರತ್ತುಗಳು ನಾಲ್ಕು. ಈ ನೋವಿಗೆ ಕಾರಣ ಆಗಬಲ್ಲಂಥ ತೊಂದರೆ ಆ ಭುಜದಲ್ಲಿ ಮೊದಲು ಇರಬಾರದು. ನೋವು 48 ಗಂಟೆಯೊಳಗೆ ಶುರುವಾಗಿರಬೇಕು. ನೋವು ಮತ್ತು ಕೈ ಎತ್ತಲಾಗದ ತೊಂದರೆ ಇಂಜೆಕ್ಷನ್ ಹಾಕಿದ ಭುಜಕ್ಕೇ ಸೀಮಿತವಾಗಿರಬೇಕು. ಕತ್ತಿನ ನರ ಒತ್ತಿಕೊಂಡಿದ್ದು, ಕೈಯ ನರದ ತೊಂದರೆ, ಇಂಥ ಬೇರೆ ಕಾರಣ ಇರಬಾರದು.

ಕೇಸುಗಳು ಹೆಚ್ಚಾಗಿ ಎಡವುವುದು ಎರಡನೆಯದರಲ್ಲಿ. ಯಾಕೆ ಅಂತ ನೋಡಿ. ಒಬ್ಬರು ಅಕ್ಟೋಬರ್‌ನಲ್ಲಿ ಲಸಿಕೆ ಹಾಕಿಸಿಕೊಳ್ಳುತ್ತಾರೆ. ಇವತ್ತು ಹೋದೀತು, ನಾಳೆ ಹೋದೀತು ಅಂತ ಜನವರಿವರೆಗೆ ತಡೆದುಕೊಳ್ಳುತ್ತಾರೆ. ಡಾಕ್ಟರ ಹತ್ತಿರ ಹೋದಾಗ 'ಬಲಗೈ ನೋವು, ತುಂಬಾ ದಿನ ಆಯ್ತು' ಅನ್ನುತ್ತಾರೆ. ಡಾಕ್ಟರು ಟೈಪ್ ಮಾಡುವುದು ಇಷ್ಟು: 'ಬಲಗೈ ನೋವು, ಕೆಲವು ವಾರಗಳಿಂದ, ಗಾಯ ಆದ ನೆನಪಿಲ್ಲ.' ಲಸಿಕೆಯ ಮಾತೇ ಇಲ್ಲ, ದಿನಾಂಕ ಇಲ್ಲ, ಭುಜ ಅಂತಲೂ ಇಲ್ಲ. ಎರಡು ವರ್ಷದ ಮೇಲೆ ಸರ್ಕಾರದ ವಕೀಲರು ಹಿಡಿಯುವುದು ಈ ಒಂದು ಸಾಲನ್ನೇ.

ಅದೇ ಮನುಷ್ಯ ಹೀಗೆ ಹೇಳಿದ್ದರೆ: 'ಅಕ್ಟೋಬರ್ 5ಕ್ಕೆ ಬಲಗೈಗೆ ಫ್ಲೂ ಶಾಟ್ ಹಾಕಿಸಿಕೊಂಡೆ. ಅವತ್ತು ರಾತ್ರಿಯೇ ಭುಜದಲ್ಲಿ ನೋವು ಶುರುವಾಯ್ತು. ಅವತ್ತಿಂದ ಹೋಗಿಲ್ಲ. ಇದಕ್ಕೆ ಮುಂಚೆ ಈ ಭುಜಕ್ಕೆ ಏನೂ ಆಗಿರಲಿಲ್ಲ.' ಇದು ಸತ್ಯ ಆಗಿದ್ದರೆ, ಇದನ್ನೇ ಈ ಕ್ರಮದಲ್ಲೇ ಹೇಳಿ. ನಾಲ್ಕು ವಾಕ್ಯದಲ್ಲಿ ಕೇಸಿಗೆ ಬೇಕಾದ ಬಹುಪಾಲು ಬಂದುಬಿಟ್ಟಿತು. ಹೊರಡುವ ಮುಂಚೆ 'ಇದನ್ನು ನೋಟ್ಸ್‌ನಲ್ಲಿ ಹಾಕ್ತೀರಾ' ಅಂತ ಕೇಳಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮನೆಗೆ ಬಂದು ಪೇಷಂಟ್ ಪೋರ್ಟಲ್ ತೆರೆದು ಏನು ಬರೆದಿದ್ದಾರೆ ನೋಡಿ. ತಪ್ಪಿದ್ದರೆ ತಿದ್ದಲು ಕೇಳುವ ಹಕ್ಕು ನಿಮಗೆ ಕಾನೂನಿನಲ್ಲೇ ಇದೆ. ಕೇಳಿಕೆಯನ್ನು ಪೋರ್ಟಲ್‌ನಲ್ಲೇ ಬರೆದು ಕಳಿಸಿ. ಅವರು ತಿದ್ದದಿದ್ದರೂ ನಿಮ್ಮ ಮೆಸೇಜು ದಿನಾಂಕದ ಸಮೇತ ದಾಖಲೆಯಾಗಿ ಉಳಿಯುತ್ತದೆ.

ತಕ್ಷಣ ಅಪಾಯಿಂಟ್‌ಮೆಂಟ್ ಸಿಗದಿದ್ದರೂ ಇದೇ ದಾರಿ. 'ಲಸಿಕೆ ಹಾಕಿಸಿಕೊಂಡು ಹತ್ತು ದಿನ ಆಯಿತು, ಭುಜ ಇನ್ನೂ ನೋಯುತ್ತಿದೆ' ಅಂತ ಡಾಕ್ಟರಿಗೆ ಪೋರ್ಟಲ್ ಮೆಸೇಜ್ ಹಾಕಿ. ಫಾರ್ಮಸಿಗೂ ಹೇಳಿ. ಲಸಿಕೆ ಆದ ಮೇಲಿನ ತೊಂದರೆಗಳನ್ನು ದಾಖಲಿಸುವ ವೇರ್ಸ್ ಅನ್ನುವ ಸರ್ಕಾರಿ ವ್ಯವಸ್ಥೆಗೆ ನೀವೇ ಆನ್‌ಲೈನ್‌ನಲ್ಲಿ ವರದಿ ಮಾಡಬಹುದು. ಆದರೆ ಆ ವರದಿ ಪರಿಹಾರದ ಅರ್ಜಿ ಅಲ್ಲ. ಅದು ಕೊಟ್ಟಾಯಿತು ಅಂತ ಕೂತರೆ ಮೂರು ವರ್ಷ ಹಾಗೇ ಕಳೆದುಹೋಗುತ್ತದೆ.

'ಕೈ ನೋವು' ಅಂತ ಒಟ್ಟಾರೆ ಹೇಳಬೇಡಿ. ಎಲ್ಲಿ ನೋಯುತ್ತದೆ ಅಂತ ಬೆರಳಿಟ್ಟು ತೋರಿಸಿ. ಕೈಯನ್ನು ಎಲ್ಲಿಯವರೆಗೆ ಎತ್ತಬಹುದು, ಬೆನ್ನ ಹಿಂದೆ ಎಲ್ಲಿಯವರೆಗೆ ಹೋಗುತ್ತದೆ ಅಂತ ಮಾಡಿ ತೋರಿಸಿ. ಕೈ ಎಷ್ಟು ಡಿಗ್ರಿ ಏಳುತ್ತದೆ ಅಂತ ಡಾಕ್ಟರು ಅಳೆದು ಬರೆದರೆ ಅದು ತುಂಬಾ ಬೆಲೆಬಾಳುತ್ತದೆ. ಯಾಕೆಂದರೆ ಬರೀ ನೋವು ಸಾಲದು, ಚಲನೆ ಕಡಿಮೆಯಾಗಿದೆ ಅನ್ನುವುದೂ ಫೈಲಿನಲ್ಲಿ ಕಾಣಬೇಕು. ಬೆರಳು ಜೋಮು ಹಿಡಿಯುವುದು, ಕತ್ತು ನೋಯುವುದು ಇದ್ದರೆ ಮುಚ್ಚಿಡಬೇಡಿ. ಅದನ್ನು ಪರೀಕ್ಷೆ ಮಾಡಿ ಬೇರೆ ಕಾರಣ ಇಲ್ಲ ಅಂತ ಡಾಕ್ಟರೇ ಬರೆದರೆ ನಾಲ್ಕನೇ ಶರತ್ತಿಗೆ ಅದೇ ಉತ್ತರ.

ತಂದೆ ತಾಯಿಗೆ ಇಂಗ್ಲಿಷ್ ಕಷ್ಟ ಅನ್ನುವುದಾದರೆ, ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕನ್ನಡದ ಇಂಟರ್‌ಪ್ರಿಟರ್ ಕೇಳಿ. ಫೆಡರಲ್ ಸರ್ಕಾರದ ದುಡ್ಡು ಪಡೆಯುವ ಆಸ್ಪತ್ರೆಗಳು ಇದನ್ನು ಪುಕ್ಕಟೆ ಒದಗಿಸಬೇಕು. ಹೆಚ್ಚಿನ ಕಡೆ ಫೋನಿನಲ್ಲೋ ವಿಡಿಯೋದಲ್ಲೋ ಕೊಡುತ್ತಾರೆ. ಮಗನೋ ಸೊಸೆಯೋ ಅವಸರದಲ್ಲಿ ಎರಡು ಮಾತಿನಲ್ಲಿ ಮುಗಿಸುವುದಕ್ಕಿಂತ ಅವರ ಮಾತು ಪೂರ್ತಿ ಡಾಕ್ಟರ ಕಿವಿಗೆ ಬೀಳುವುದು ಮೇಲು.

ಬಿಪಿಗೆ, ಶುಗರ್‌ಗೆ ಅಂತ ಬೇರೆ ಡಾಕ್ಟರ ಹತ್ತಿರ ಹೋದಾಗಲೂ ಭುಜದ ಮಾತು ಎತ್ತಿ. ಕಂಪ್ಯೂಟರಿನ ಸಿದ್ಧ ನಮೂನೆಯಲ್ಲಿ 'ಕೀಲುನೋವು ಇಲ್ಲ' ಅಂತ ತಾನಾಗಿ ಬಂದುಬಿಡುತ್ತದೆ. ಆರು ತಿಂಗಳ ನೋವು ಅಂತ ನೀವು ಹೇಳುತ್ತಿರುವಾಗ ನಾಲ್ಕನೇ ತಿಂಗಳ ಒಂದು ಫೈಲು 'ನೋವಿಲ್ಲ' ಅಂದರೆ, ಅದಕ್ಕೆ ಉತ್ತರ ಕೊಡುವುದು ಕಷ್ಟವಾಗುತ್ತದೆ. ಫಿಸಿಯೋಥೆರಪಿ ಸಾಕಾಗಿ ನಿಲ್ಲಿಸಿದರೆ, ಇನ್ನೂ ನೋವಿದೆ, ಮನೆಯಲ್ಲೇ ವ್ಯಾಯಾಮ ಮಾಡುತ್ತೇನೆ ಅಂತ ಕೊನೆಯ ದಿನ ಬರೆಸಿ ಬನ್ನಿ. ಆರು ತಿಂಗಳಾದ ಮೇಲೆ ಒಮ್ಮೆಯಾದರೂ ಡಾಕ್ಟರನ್ನು ಕಾಣುವುದು ನನ್ನ ಪ್ರಕಾರ ಬಿಡಲೇಬಾರದ ಕೆಲಸ.

ಇಷ್ಟು ಓದಿ 'ನಾನು ಆಗಲೇ ತಡ ಮಾಡಿದೆನಲ್ಲ' ಅಂತ ಯಾರಾದರೂ ಕೈಚೆಲ್ಲಬೇಡಿ. ನೋವು ಶುರುವಾದ ದಿನ ಫೈಲಿನಲ್ಲಿ ಇಲ್ಲದಿದ್ದರೂ, ತಪ್ಪಾಗಿ ಬಿದ್ದಿದ್ದರೂ, ಬೇರೆ ಸಾಕ್ಷ್ಯ ನೋಡಿ 48 ಗಂಟೆಯೊಳಗೇ ಶುರುವಾಯಿತು ಅಂತ ತೀರ್ಮಾನಿಸುವ ಅಧಿಕಾರವನ್ನು ಕಾನೂನೇ ಕೊಟ್ಟಿದೆ. ಮೂರು ನಾಲ್ಕು ತಿಂಗಳು ತಡವಾಗಿ ಡಾಕ್ಟರನ್ನು ಕಂಡವರಿಗೂ ಪರಿಹಾರ ಸಿಕ್ಕಿದೆ. ಲಸಿಕೆಯ ನೋವು ತಾನಾಗಿ ಹೋಗುತ್ತದೆ ಅಂತ ಜನ ಕಾಯುವುದು ಸಹಜ ಅನ್ನುವುದು ಅಲ್ಲಿನ ತೀರ್ಪುಗಾರರಿಗೂ ಗೊತ್ತು. ಮನೆಯವರಿಗೆ, ಗೆಳೆಯರಿಗೆ ಆಗ ಕಳಿಸಿದ ವಾಟ್ಸಾಪ್ ಮೆಸೇಜುಗಳು, ಆಫೀಸಿಗೆ ಬರೆದ ಇಮೇಲು, ಇವೆಲ್ಲ ಈಗ ಕೆಲಸಕ್ಕೆ ಬರುತ್ತವೆ. ಫೋನ್ ಬದಲಿಸುವ ಮುಂಚೆ ಎತ್ತಿಟ್ಟುಕೊಳ್ಳಿ. ಬರೀ ನಿಮ್ಮ ಮಾತಿನ ಮೇಲೆ, ವೈದ್ಯಕೀಯ ದಾಖಲೆಯೋ ವೈದ್ಯರ ಅಭಿಪ್ರಾಯವೋ ಏನೂ ಇಲ್ಲದೆ ಪರಿಹಾರ ಕೊಡಲು ಮಾತ್ರ ಬರುವುದಿಲ್ಲ.

ಟೇಬಲ್‌ನ ಶರತ್ತಿಗೆ ಪೂರ್ತಿ ಹೊಂದದಿದ್ದರೂ ಅರ್ಜಿ ಹಾಕಬಹುದು. ಆಗ ಲಸಿಕೆಯೇ ಕಾರಣ ಅಂತ ನೀವು ತೋರಿಸಬೇಕು. ಪರಿಣತ ವೈದ್ಯರ ವರದಿ ಬೇಕಾಗುತ್ತದೆ, ಸಮಯವೂ ಜಾಸ್ತಿ ಹಿಡಿಯುತ್ತದೆ.

ಹೆಜ್ಜೆ 3: ಕಾಗದಪತ್ರ ಕೂಡಿಸಿ

ಮೊದಲಿಗೆ ಲಸಿಕೆಯ ದಾಖಲೆ. ದಿನಾಂಕ, ತಯಾರಿಸಿದ ಕಂಪನಿ, ಲಾಟ್ ನಂಬರ್, ಹಾಕಿದವರ ಹೆಸರು ಮತ್ತು ಹುದ್ದೆಯನ್ನು ಬರೆದಿಡುವುದು ಲಸಿಕೆ ಹಾಕುವವರ ಕಾನೂನುಬದ್ಧ ಕರ್ತವ್ಯ. ಫಾರ್ಮಸಿಯಲ್ಲಿ ರಸೀತಿ ಕೊಟ್ಟು ಕಳಿಸಿದರೆ ಅದು ಸಾಲದು, ನೀವು ಸಹಿ ಮಾಡಿದ ಒಪ್ಪಿಗೆ ಪತ್ರದ ಸಮೇತ ಪೂರ್ತಿ ದಾಖಲೆ ಕೇಳಿ. ಅದರಲ್ಲಿ ಯಾವ ತೋಳು ಅಂತ ನೋಡಿ. ಬಲಗೈಗೆ ಹಾಕಿ ಎಡಗೈ ಅಂತ ನಮೂದಾಗಿರುವುದು ಅಪರೂಪವೇನಲ್ಲ. ಹಾಗಿದ್ದರೂ ಕೇಸು ಬೀಳುವುದಿಲ್ಲ. ಆಮೇಲೆ ಕಂಡ ಡಾಕ್ಟರುಗಳ ಹತ್ತಿರ ನೀವು ಮೊದಲಿಂದಲೂ ಬಲಗೈ ಅಂತಲೇ ಹೇಳುತ್ತಾ ಬಂದಿದ್ದರೆ ಅದನ್ನೇ ಮುಂದಿಡಬಹುದು.

ಬಾಕಿಯದ್ದೆಲ್ಲ ಚಿಕಿತ್ಸೆಯ ಫೈಲು. ಕುಟುಂಬದ ಡಾಕ್ಟರು, ಮೂಳೆ ಡಾಕ್ಟರು, ಫಿಸಿಯೋಥೆರಪಿ, ಎಂಆರ್‌ಐ ವರದಿ, ಸ್ಟೀರಾಯ್ಡ್ ಇಂಜೆಕ್ಷನ್, ಆಪರೇಷನ್ ಆಗಿದ್ದರೆ ಅದರದ್ದು. ಲಸಿಕೆಗೆ ಮೂರು ವರ್ಷ ಹಿಂದಿನಿಂದ ಇರುವ ದಾಖಲೆಗಳನ್ನೂ ಕೋರ್ಟು ಕೇಳುತ್ತದೆ, ಭುಜದ ಹಳೇ ತೊಂದರೆ ಇತ್ತೇ ಅಂತ ನೋಡಲು. ಊರಲ್ಲಿ ತೋರಿಸಿಕೊಂಡಿದ್ದರೆ ಅಲ್ಲಿನ ಚೀಟಿಗಳೂ ಬೇಕು. ಪೋರ್ಟಲ್‌ನಿಂದ ಇಳಿಸಿಕೊಂಡದ್ದು ಪೂರ್ತಿ ಇರುವುದಿಲ್ಲ, ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗಕ್ಕೇ ಬರೆದು ತರಿಸಿಕೊಳ್ಳಿ.

ಹೆಜ್ಜೆ 4: ವಕೀಲರು

ಈ ಕೋರ್ಟಿನಲ್ಲಿ ನೀವೇ ವಾದ ಮಾಡಬಹುದು. ಆದರೂ ವಕೀಲರನ್ನು ಇಟ್ಟುಕೊಳ್ಳಿ ಅನ್ನುತ್ತೇನೆ, ಯಾಕೆಂದರೆ ಅವರ ಫೀಸನ್ನು ನಿಧಿಯೇ ಕೊಡುತ್ತದೆ. ಸೋತರೂ ಕೊಡುತ್ತದೆ, ಅರ್ಜಿ ಪ್ರಾಮಾಣಿಕವಾಗಿದ್ದು ಅದಕ್ಕೆ ತಕ್ಕ ಆಧಾರ ಇದ್ದರೆ ಆಯಿತು. ಕೋರ್ಟು ಕೊಟ್ಟ ಫೀಸಿನ ಮೇಲೆ ನಿಮ್ಮಿಂದ ಇನ್ನಷ್ಟು ತೆಗೆದುಕೊಳ್ಳುವುದನ್ನು ಕಾನೂನು ನಿಷೇಧಿಸಿದೆ. ಪರಿಹಾರದಲ್ಲಿ ಶೇಕಡಾ 30 ನನಗೆ ಅಂತ ಯಾರಾದರೂ ಒಪ್ಪಂದ ಮುಂದಿಟ್ಟರೆ ಎದ್ದು ಬನ್ನಿ.

ವಕೀಲರು ನಿಮ್ಮ ಊರಿನವರೇ ಆಗಬೇಕಿಲ್ಲ. ಕೋರ್ಟು ವಾಷಿಂಗ್ಟನ್ ಡಿಸಿಯಲ್ಲಿದೆ, ಕೆಲಸ ಬಹುತೇಕ ಕಾಗದದಲ್ಲೇ ನಡೆಯುತ್ತದೆ. ಯುಎಸ್ ಕೋರ್ಟ್ ಆಫ್ ಫೆಡರಲ್ ಕ್ಲೈಮ್ಸ್‌ನ ವೆಬ್‌ಸೈಟಿನಲ್ಲೇ ಲಸಿಕೆ ಕೇಸು ನಡೆಸುವ ವಕೀಲರ ಪಟ್ಟಿ ಇದೆ. ರಸ್ತೆ ಅಪಘಾತದ ಕೇಸುಗಳಲ್ಲಿ ಹೆಸರು ಮಾಡಿದವರಿಗೆ ಇದು ಗೊತ್ತಿರಬೇಕು ಅಂತೇನಿಲ್ಲ. ಸಿರ್ವಾ ಕೇಸು ಎಷ್ಟು ಮಾಡಿದ್ದೀರಿ ಅಂತ ನೇರವಾಗಿ ಕೇಳಿ.

ಹೆಜ್ಜೆ 5: ಅರ್ಜಿ ಮತ್ತು ನಿಮ್ಮ ಹೇಳಿಕೆ

ಅರ್ಜಿಯ ಶುಲ್ಕ ಸುಮಾರು 400 ಡಾಲರ್. ಹೆಚ್ಚಾಗಿ ವಕೀಲರೇ ಕಟ್ಟಿ ಆಮೇಲೆ ಖರ್ಚಿನಲ್ಲಿ ವಾಪಸ್ ಪಡೆಯುತ್ತಾರೆ. ಅರ್ಜಿಯ ಜೊತೆ ನಿಮ್ಮ ಅಫಿಡವಿಟ್ ಇರುತ್ತದೆ. ಕರಡನ್ನು ವಕೀಲರ ಕಚೇರಿ ಮಾಡಿಕೊಟ್ಟರೂ ಒಳಗಿನ ಮಾತು ನಿಮ್ಮದೇ ಆಗಿರಲಿ. 'ತುಂಬಾ ನೋವಿತ್ತು, ಜೀವನವೇ ಕಷ್ಟವಾಯಿತು' ಅಂದರೆ ಓದುವವರಿಗೆ ಏನೂ ಕಾಣುವುದಿಲ್ಲ. 'ಲಸಿಕೆ ಹಾಕಿಸಿಕೊಂಡ ಮಾರನೇ ಬೆಳಿಗ್ಗೆ ತಲೆ ಬಾಚಲು ಆಗಲಿಲ್ಲ, ಗಂಡ ಜಡೆ ಹಾಕಿದರು. ಮೇಲಿನ ಕಪಾಟಿನ ಡಬ್ಬಿಗಳನ್ನೆಲ್ಲ ಕೆಳಗೆ ಇಳಿಸಿದೆವು. ಮಗುವನ್ನು ತೊಟ್ಟಿಲಿನಿಂದ ಎತ್ತಲು ಎಂಟು ತಿಂಗಳು ಇನ್ನೊಬ್ಬರು ಬೇಕಾದರು.' ಹೀಗೆ ಬರೆದರೆ ಕಾಣುತ್ತದೆ. ಆ ಗಂಡನೂ ಒಂದು ಹೇಳಿಕೆ ಬರೆದುಕೊಡಬಹುದು. ಅದನ್ನು ನಿಮ್ಮ ಹೇಳಿಕೆಯ ನಕಲು ಮಾಡಬೇಡಿ, ಅವರು ಕಣ್ಣಾರೆ ಕಂಡದ್ದು ಮಾತ್ರ ಅವರ ಮಾತಿನಲ್ಲಿ ಇರಲಿ. ಡಾಕ್ಟರ ಫೈಲಿಗೂ ನಿಮ್ಮ ಹೇಳಿಕೆಗೂ ತಾಳೆಯಾಗದ ಕಡೆ ಯಾಕೆ ಹಾಗಿದೆ ಅಂತ ಬಿಡಿಸಿ ಹೇಳಿ. ಉತ್ಪ್ರೇಕ್ಷೆ ಒಂದು ಕಡೆ ಸಿಕ್ಕಿಬಿದ್ದರೆ ನಿಜವಾದ ನೋವಿನ ಮೇಲೂ ಅನುಮಾನ ಬರುತ್ತದೆ.

ಆಮೇಲೆ ಕಾಯುವ ಕಾಲ. ಇಲ್ಲಿ ಜ್ಯೂರಿ ಇಲ್ಲ, ಸ್ಪೆಷಲ್ ಮಾಸ್ಟರ್ ಅನ್ನುವ ತೀರ್ಪುಗಾರರು ನೋಡುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಬರುವ ಅರ್ಜಿಗಳಲ್ಲಿ ಸುಮಾರು ಅರ್ಧ ಭುಜದ್ದೇ. ಅಂಥವನ್ನು ಬೇಗ ಮುಗಿಸಲೆಂದೇ ಒಂದು ವಿಭಾಗ ಇದೆ. ಆದರೂ ಎರಡು ಮೂರು ವರ್ಷ ಹಿಡಿಯುವುದು ಸಾಮಾನ್ಯ. ಆರೋಗ್ಯ ಇಲಾಖೆಯ ವೈದ್ಯರು ಫೈಲು ಓದುತ್ತಾರೆ, ಸರ್ಕಾರ ತನ್ನ ಉತ್ತರದ ವರದಿ ಹಾಕುತ್ತದೆ. ಒಪ್ಪಿದರೆ ದುಡ್ಡಿನ ಮಾತು ಶುರು. ಒಪ್ಪದಿದ್ದರೂ ರಾಜಿಗೆ ಬರಬಹುದು. ಈ ಕಾರ್ಯಕ್ರಮದಲ್ಲಿ ಸಿಗುವ ಪರಿಹಾರಗಳಲ್ಲಿ ಸುಮಾರು ಶೇಕಡಾ 60 ರಾಜಿಯಲ್ಲೇ ಬಂದಂಥವು. ಸಾಕ್ಷಿಕಟ್ಟೆ ಹತ್ತುವ ಪ್ರಸಂಗ ಹೆಚ್ಚಿನವರಿಗೆ ಬರುವುದಿಲ್ಲ.

ಎಷ್ಟು ಸಿಗಬಹುದು?

ನೋವು ಮತ್ತು ಸಂಕಟಕ್ಕೆ ಕಾನೂನಿನ ಮೇಲ್ಮಿತಿ 2,50,000 ಡಾಲರ್. ಭುಜದ ಕೇಸಿನಲ್ಲಿ ಅಷ್ಟು ಸಿಗುವುದು ತೀರಾ ವಿರಳ. ನೋವು ಎಷ್ಟು ತಿಂಗಳು ಇತ್ತು, ಎಷ್ಟು ತೀವ್ರವಾಗಿತ್ತು, ಎಂಆರ್‌ಐನಲ್ಲಿ ಏನು ಕಂಡಿತು, ಸ್ಟೀರಾಯ್ಡ್ ಇಂಜೆಕ್ಷನ್ ಎಷ್ಟು, ಆಪರೇಷನ್ ಆಯಿತೇ, ನಡುವೆ ಚಿಕಿತ್ಸೆ ಬಿಟ್ಟಿದ್ದರೇ ಅಂತ ನೋಡಿ, ಹಳೆಯ ಇಂಥದ್ದೇ ಕೇಸುಗಳ ಜೊತೆ ತೂಗಿ ಮೊತ್ತ ನಿಗದಿ ಮಾಡುತ್ತಾರೆ. ಆಪರೇಷನ್ ಆದವರಿಗೆ 1 ಲಕ್ಷ ಡಾಲರ್ ದಾಟಿದ ತೀರ್ಪುಗಳಿವೆ. ಆಪರೇಷನ್ ಇಲ್ಲದೆ, ಬೇಗ ಗುಣವಾದವರಿಗೆ ಅದಕ್ಕಿಂತ ಸಾಕಷ್ಟು ಕಡಿಮೆ.

ಇದರ ಮೇಲೆ ನಿಮ್ಮ ಜೇಬಿನಿಂದ ಹೋದ ವೈದ್ಯಕೀಯ ಖರ್ಚು, ಮುಂದೆ ಬರುವ ಖರ್ಚು, ತಪ್ಪಿದ ಸಂಬಳ ಬೇರೆಯಾಗಿ ಸೇರುತ್ತವೆ. ಇನ್ಶೂರೆನ್ಸ್ ಕಟ್ಟಿದ ಭಾಗ ನಿಮಗೆ ಬರುವುದಿಲ್ಲ, ಹಾಗಾಗಿ ಕೋ-ಪೇ, ಡಿಡಕ್ಟಿಬಲ್ ರಸೀತಿಗಳನ್ನು ಜೋಪಾನ ಮಾಡಿ. ಇನ್ಶೂರೆನ್ಸ್ ಇಲ್ಲದೆ ಬಂದ ತಂದೆ ತಾಯಿಗೆ ಎಲ್ಲ ಖರ್ಚೂ ಕೈಯಿಂದಲೇ ಆಗಿರುತ್ತದೆ, ಅವರ ಬಿಲ್ಲುಗಳು ಇನ್ನೂ ಮುಖ್ಯ. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಇನ್ಶೂರೆನ್ಸ್ ಆದ ಮೆಡಿಕೇಡ್‌ನಲ್ಲಿ ಚಿಕಿತ್ಸೆ ಆಗಿದ್ದರೆ ರಾಜ್ಯ ಸರ್ಕಾರ ತಾನು ಕೊಟ್ಟದ್ದನ್ನು ವಾಪಸ್ ಕೇಳುತ್ತದೆ. ಮೊದಲೇ ವಕೀಲರಿಗೆ ತಿಳಿಸಿದರೆ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ತೀರ್ಪು ಬಂದ ದಿನ

ತೀರ್ಪುಗಳು ಕೋರ್ಟಿನ ವೆಬ್‌ಸೈಟಿನಲ್ಲಿ ಎಲ್ಲರೂ ಓದುವ ಹಾಗೆ ಪ್ರಕಟವಾಗುತ್ತವೆ. ಬೇರೆಯವರಿಗೆ ತಿಳಿಯಬಾರದ ವೈದ್ಯಕೀಯ ವಿವರ ಅದರಲ್ಲಿದ್ದರೆ ಮುಚ್ಚಿ ಅಂತ ಕೇಳಲು 14 ದಿನ ಇದೆ. ಈ 14 ದಿನವನ್ನು ಜನ ಗಮನಿಸುವುದೇ ಇಲ್ಲ. ಆಮೇಲೆ ಯಾರಾದರೂ ಹೆಸರು ಹುಡುಕಿದಾಗ ಅದು ಕಣ್ಣಿಗೆ ಬೀಳುತ್ತದೆ.

ತೀರ್ಪು ಒಪ್ಪಿಗೆ ಇಲ್ಲದಿದ್ದರೆ 30 ದಿನದೊಳಗೆ ಅದೇ ಕೋರ್ಟಿನ ನ್ಯಾಯಾಧೀಶರ ಮುಂದೆ ಮರುಪರಿಶೀಲನೆ ಕೇಳಬಹುದು. ಸರ್ಕಾರಕ್ಕೂ ಅದೇ ಹಕ್ಕಿದೆ. ಯಾರೂ ಕೇಳದಿದ್ದರೆ ಜಡ್ಜ್‌ಮೆಂಟ್ ದಾಖಲಾಗುತ್ತದೆ. ಅಲ್ಲಿಂದ 90 ದಿನದೊಳಗೆ, ಕೊಟ್ಟಿದ್ದನ್ನು ಒಪ್ಪುತ್ತೇನೆ ಅಥವಾ ಇಲ್ಲ ಅಂತ ಬರೆದು ಕೊಡಬೇಕು. ಒಪ್ಪದೆ ಹೊರಬಂದವರು ಮಾಮೂಲಿ ಕೋರ್ಟಿಗೆ ಹೋಗಬಹುದು. ಒಪ್ಪಿದರೆ ಆ ದಾರಿ ಮುಚ್ಚಿಹೋಗುತ್ತದೆ, ನಿಧಿಯಿಂದ ದುಡ್ಡು ಬರುತ್ತದೆ. ಅಷ್ಟರಲ್ಲಿ ಮನೆ ಬದಲಿಸಿದ್ದರೆ, ತಂದೆ ತಾಯಿ ಊರಿಗೆ ವಾಪಸ್ ಹೋಗಿದ್ದರೆ, ಹೊಸ ವಿಳಾಸ ಮತ್ತು ಬ್ಯಾಂಕ್ ವಿವರವನ್ನು ವಕೀಲರಿಗೆ ಆಗಲೇ ಕೊಟ್ಟಿಡಿ.